ಹೊಕ್ಕು ಬಿಚ್ಚಿದ ಚುಕ್ಕಿ

ಆ ವರ್ಷ ಬಣ್ಣದ ಕಾಗದ ತರಲಿಲ್ಲ ಅಪ್ಪ.
ಬಾಗಲಕೋಟೆಗೆ ಬಸ್ಸು ತಡವಾಗಿ ಮುಟ್ಟಿತಂತೆ,
ಅಂಗಡಿ ಮುಚ್ಚಿತ್ತಂತೆ.
ಅವ್ವ ನಂಬಲಿಲ್ಲ,
ಆದರೂ ತಾಟಿಗೆ ಬಿಸಿ ರೊಟ್ಟಿ ಹಾಕಿದಳು.

ಬಿದಿರು ಕಡ್ಡಿಯ ಚುಕ್ಕಿ ಮಾತ್ರ ತಯಾರಿತ್ತು,
ಬೆನ್ಯಾಮೀನಣ್ಣ ಕಟ್ಟಿದ್ದು.
ಐದು ಮೂಲೆ, ಒಂದು ಕಾಲು ಉಳಿದವಕ್ಕಿಂತ ಉದ್ದ.
ಕುಂಟುತ್ತ ಬಂದು ದಣಿದವನ ಹಾಗೆ
ಗೋಡೆಗೆ ಒರಗಿತ್ತು, ಬರೀ ಎಲುಬು.

ನಮ್ಮಲ್ಲಿ ಕ್ರಿಸ್ಮಸ್ಸೆಂದರೆ ಮುಚ್ಚುಮರೆಯ ಕೆಲಸ.
ಡಿಸೆಂಬರ್ ಹಿಡಿಯಿತೆಂದರೆ
ಎಲ್ಲರೂ ಎಲ್ಲರಿಗೂ ಬೆನ್ನು ತಿರುವಿ ಕೂಡುವರು.
ರಾಹೇಲಜ್ಜಿ ಕೌದಿಯ ಮರೆಯಲ್ಲಿ ಏನೋ ಹೊಲಿಯುವಳು,
ಸೂಜಿ ಬಿದ್ದಾಗ ಮಾತ್ರ ನನ್ನ ಕಣ್ಣು ಬೇಕು:
"ಸೂಜಿ ಹುಡುಕು, ಅರಿಬಿ ನೋಡಬ್ಯಾಡ."
ಸವೆದ ಲಾಳಿಗೆ ಗಾಲಿ ಹಚ್ಚಿ
ತಮ್ಮ ಸಿಲಾಸನಿಗೆಂದು ಅಣ್ಣ ಮಾಡಿದ ರೈಲು
ಜೋಳದ ಚೀಲದೊಳಗೆ ಅಡಗಿತ್ತು.
ಬೀಸಲು ಜೋಳ ತೆಗೆಯಹೋದ ಅವ್ವನ ಕೈಗೆ ಸಿಕ್ಕು
ಚೀರಿದ್ದಳು, ಇಲಿಯೆಂದು.
ನಾನೋ, ಖಾಲಿ ಕಂಡಿಕೆಗಳಿಗೆ ಕಣ್ಣು ಮೂಗು ಬರೆದು
ಕುರುಬರನ್ನು ಮಾಡಿದೆ, ಜ್ಞಾನಿಗಳನ್ನು ಮಾಡಿದೆ.
ಹತ್ತಿ ಮುಗಿದು ಒಬ್ಬನಿಗಷ್ಟೇ ಗಡ್ಡ ಬಂತು,
ಉಳಿದಿಬ್ಬರು ಹರೆಯದವರಾಗಿಯೇ
ಬೇತ್ಲೆಹೇಮಿಗೆ ಹೊರಟರು.

"ಕಾಗದ ಯಾಕ? ಖಣ ಇಲ್ಲೇನು?"
ಅಜ್ಜಿಯೇ ಅಂದದ್ದು.
ಗುಳೇದಗುಡ್ಡದ ನೇಕಾರರ ಓಣಿಯಲ್ಲಿ
ಅದೊಂದು ಕೇಳುವ ಮಾತೇ!
ಹಾಸಿನ ಕೊನೆಗೆ ಉಳಿದ ಗೇಣು, ಅರ್ಧ ಮೊಳ,
ಎಳೆ ತಪ್ಪಿತೆಂದು ಸಾವುಕಾರ ತಿರುಗಿಸಿದ ತುಂಡು,
ಗಿಣಿಹಸಿರು, ನೇರಳೆ, ಕುಂಕುಮ ಬಣ್ಣದವು.
ಮುಂದಿನ ಮೂಲೆಗೆ ಆನೆಹೆಜ್ಜೆಯ ಖಣ.
ಗಂಜಿ ಹಚ್ಚಿ ಅಂಟಿಸಿದೆವು,
ಮೊಣಕೈತನಕ ಗಂಜಿ, ಸಿಲಾಸನ ಹುಬ್ಬಿಗೂ ಗಂಜಿ.
ಒಳಗೆ ಬಲ್ಬು ಇಳಿಬಿಟ್ಟು
ಬಾಗಿಲ ಮೇಲೆ ತೂಗಿ, ಗುಂಡಿ ಒತ್ತಿದರೆ

ಏನೂ ಇಲ್ಲ.
ಒಳಗೆ ಬಲ್ಬು ಉರಿಯುತ್ತಿದೆ,
ಹೊರಗೆ ಹಗೇವಿನ ಕತ್ತಲು.
ಅಪ್ಪನ ನೇಯ್ಗೆ ಅಷ್ಟು ದಟ್ಟ.
"ದಾನಿಯೇಲಪ್ಪನ ಖಣದಾಗ ನೀರು ಕಟ್ಟಿ ಒಯ್ಯಬಹುದು"
ಎಂದು ಸಾವುಕಾರ ಹೊಗಳುತ್ತಿದ್ದ
ಕೂಲಿ ಏರಿಸುತ್ತಿರಲಿಲ್ಲ.
ಅಣ್ಣ ನಕ್ಕ, ನಾನು ನಕ್ಕೆ,
ಅಜ್ಜಿ ಹಲ್ಲಿಲ್ಲದ ಬಾಯಿಗೆ ಸೆರಗು ಹಿಡಿದಳು.
ಸಿಲಾಸ ಅತ್ತ.

ಉಂಡಾದ ಮೇಲೆ ಅಪ್ಪ ಚುಕ್ಕಿ ಇಳಿಸಿಕೊಂಡು ಕೂತ.
ಅಂಚಿಗೆ ಬ್ಲೇಡು ತಾಗಿಸಿ
ಸೂಜಿಮೊನೆಯಿಂದ ಹೊಕ್ಕಿನ ಎಳೆ ಎತ್ತಿದ,
ಎಳೆದ.
ಒಂದು ಬಿಟ್ಟು ಒಂದು.
ಆನೆಹೆಜ್ಜೆಗಳನ್ನು ಮುಟ್ಟದೆ, ಅವುಗಳ ನಡುವಿನದಷ್ಟೇ.
ಹನ್ನೊಂದನೆಯ ವಯಸ್ಸಿಗೆ ಮಗ್ಗದ ಕುಣಿಗೆ ಇಳಿದ ಮನುಷ್ಯ,
ಹೊಕ್ಕು ಹೊಡೆಯುವುದಷ್ಟೇ ಗೊತ್ತಿದ್ದ ಕೈ,
ಅವತ್ತು ಬಿಚ್ಚುತ್ತಿತ್ತು.
ಅವ್ವ ಚಿಮಣಿ ಹಿಡಿದು ನಿಂತಿದ್ದಳು, ಏನೂ ಅನ್ನದೆ.
ಬಿದ್ದ ರೇಷ್ಮೆ ಎಳೆಗಳನ್ನು ಅಜ್ಜಿ
ಬೆರಳಿಗೆ ಸುತ್ತಿ ಸುತ್ತಿ ಇಟ್ಟುಕೊಂಡಳು:
"ಕೆಡಸಬಾರದು."

ನಡುರಾತ್ರಿ ದಾಟಿರಬೇಕು.
ಮತ್ತೆ ಗುಂಡಿ ಒತ್ತಿದೆವು.
ಹಾಸಿನ ಎಳೆಗಳ ಸಂದಿನಿಂದ
ಕುಂಕುಮ, ಹಸಿರು ಓಣಿಗೆ ಸೋಸಿ ಬಂದವು.
ಎದುರಿನ ಸುಣ್ಣದ ಗೋಡೆಯ ಮೇಲೆ
ಗಾಳಿಗೆ ಚುಕ್ಕಿ ತಿರುಗಿದಂತೆಲ್ಲ
ಆನೆಯ ಹೆಜ್ಜೆಗಳು ನಡೆದುಹೋದವು.
"ಒಂಟಿ ಸಿಗಲಿಲ್ಲೇನೋ ಅವರಿಗೆ,"
ಎಂದ ಸಿಲಾಸ, ನಿದ್ದೆಗಣ್ಣಲ್ಲಿ.

ಬೆಳಿಗ್ಗೆ ಗುಡಿಯಿಂದ ಬಂದು
ಕರ್ಚಿಕಾಯಿಯ ತಾಟು ಕೊಡಹೋದರೆ
ಎದುರುಮನೆಯ ನಿಂಬೆವ್ವ ಅಂದಳು:
"ನಿಮ್ಮ ಆನಿ ರಾತ್ರಿಯೆಲ್ಲಾ ನಮ್ಮ ಗ್ವಾಡಿ ತುಳದಾವ.
ಸುಣ್ಣ ಬಳಿಯಾಕ ಯಾರ ಬರ್ತೀರಿ?"
ಅಂದು, ಖಾಲಿ ತಾಟು ತಿರುಗಿಸಬಾರದೆಂದು
ನಾಕು ಶೇಂಗಾ ಉಂಡಿ ಇಟ್ಟಳು.

ಅಜ್ಜಿ ಹೊಲಿದದ್ದು ಅಪ್ಪನಿಗೆ ಮೆತ್ತೆ,
ಮಗ್ಗದ ಕುಣಿಯ ಅಂಚಿಗೆ ಹಾಸಿ ಕೂಡಲು.
ಹಳೆಯ ಇಳಕಲ್ಲಿನ ತುಂಡುಗಳು,
ಕೊನೆಯ ಅಂಚಿನ ಹೊಲಿಗೆಗೆ ಮಾತ್ರ
ರಾತ್ರಿ ಬಿಚ್ಚಿದ ಎಳೆ.
ಅಪ್ಪ ಅದರ ಮೇಲೊಮ್ಮೆ ಕೂತು, ಎದ್ದು, ಮತ್ತೆ ಕೂತು
"ಮೆತ್ತಗೈತಿ" ಎಂದ. ಅಷ್ಟೇ.

ಇಪ್ಪತ್ತಾರಕ್ಕೆ ಮಗ್ಗದ ಸದ್ದು ಶುರುವಾಯಿತು.
ಮಧ್ಯಾಹ್ನ ಹೋಗಿ ಹೊಸ ಖಣವನ್ನು
ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ.
ಅದೇ ದಟ್ಟ ನೇಯ್ಗೆ.
ಸೂಜಿಮೊನೆಯಷ್ಟೂ ಸಂದು ಬಿಟ್ಟಿರಲಿಲ್ಲ ಅಪ್ಪ.