ಸಿಸ್ಟರಪ್ಪ

ಪ್ರತಿಜ್ಞೆಯ ದಿನ ಹುಡುಗಿಯರ ತಲೆಗೇರಿತು
ಗಂಜಿ ಹಾಕಿದ ಬಿಳಿ ಟೋಪಿ.
ನಾವಿಬ್ಬರು ಹುಡುಗರಿಗೆ ಮೇಣದಬತ್ತಿ ಮಾತ್ರ;
ಅದೂ ಫ್ಯಾನಿನ ಗಾಳಿಗೆ ಎರಡು ಸಲ ಆರಿತು.

ಈಗ ಟೋಪಿ ಯಾರಿಗೂ ಇಲ್ಲ. ಸೋಂಕಂತೆ.
ಸಕ್ರಿಬಾಯಿ ಸಿಸ್ಟರ್ ತಮ್ಮದನ್ನು ಇನ್ನೂ
ಡ್ರೆಸ್ಸಿಂಗ್ ರೂಮಿನ ಬೀರುವಿನಲ್ಲಿಟ್ಟಿದ್ದಾರೆ,
ಹತ್ತಿ ಸುರುಳಿಯ ಹಿಂದೆ
(ಮಿಲ್ಲು ಮುಚ್ಚಿದ ದಾವಣಗೆರೆಗೆ
ಹತ್ತಿಯೂ ಈಗ ಹೊರಗಿನಿಂದ).
ನಿವೃತ್ತಿಗೆ ಮೂರು ತಿಂಗಳು.

ನನ್ನೆದೆಯ ಮೇಲೆ ಗಡಿಯಾರ, ತಲೆಕೆಳಗು:
ಎದುರು ನಿಂತವರಿಗೆ ತಪ್ಪು, ಬಗ್ಗಿದವನಿಗೆ ಸರಿ.
ಪಕ್ಕದಲ್ಲಿ ಬಿಲ್ಲೆ: 'ಕೊಟ್ರೇಶ್ ಬಿ., ಶುಶ್ರೂಷಾಧಿಕಾರಿ.'
ಯಾರೂ ಓದುವುದಿಲ್ಲ.
ಬೆಳಿಗ್ಗೆ ಇಸ್ತ್ರಿ ನೆಟ್ಟಗಿದ್ದರೆ ಡಾಕ್ಟರು,
ಸಂಜೆ ಕಲೆಯಾದ ಮೇಲೆ ವಾರ್ಡ್‌ಬಾಯ್.

ರಾತ್ರಿ ಎರಡೂವರೆ. ಆನಗೋಡಿನ ಅಜ್ಜಿಗೆ
ಮೈ ಕೆಂಡ. ಬೆನ್ನೊರೆಸಿದೆ,
ಮಗ್ಗುಲು ಬದಲಿಸಿದೆ, ನಾಡಿ ಹಿಡಿದು
ಗಡಿಯಾರದ ಸಣ್ಣ ಮುಳ್ಳು ನೋಡುತ್ತ ನಿಂತೆ.
ಮೊದಲು ನಾಚಿ ಸೆರಗೆಳೆದುಕೊಂಡಳು.
ಆಮೇಲೆ ನನ್ನ ಮೀಸೆಯನ್ನೇ ದಿಟ್ಟಿಸಿ
ಒಂದು ಹೆಸರು ಹುಡುಕಿದಳು:

"ಒಂದೀಟು ನೀರು ಕೊಡು,
ಸಿಸ್ಟರಪ್ಪಾ."

ಎಣಿಕೆ ತಪ್ಪಿತು.
ನೀರು ಕೊಟ್ಟು, ಕೈ ಮತ್ತೆ ಹಿಡಿದು,
ಒಂದರಿಂದ ಎಣಿಸಿದೆ.