ಮೊಳೆ ಜೋಡಿಸಿದವನು

ಹೌದು, ಒಟ್ಟೋಕರ್ ವೆಂಡ್ರಿಷ್‌ನನ್ನು ಬಲ್ಲೆ.
ಶಾಲೆಯಿಂದ ಹೊರದಬ್ಬಿಸಿಕೊಂಡ ಮೇಷ್ಟ್ರು.
ಎರಡು ಸಲ ದಿವಾಳಿ, ಮೂರು ಸಲ ಮದುವೆ.
ಕೆಮ್ನಿಟ್ಸಿನ ನಮ್ಮ ಅಚ್ಚುಕೂಟಕ್ಕೆ ಬಂದ ದಿನ
ಒಡೆದ ಬೂಟಿನೊಳಗೆ ರದ್ದಿ ತುರುಕಿದ್ದ;
ಮಾತು ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದಂತೆ.

ಹದಿನಾರು ಪುಟ, ಹತ್ತು ಫೆನ್ನಿಗ್.
ಗೋಧಿ ಅಗ್ಗವಾದದ್ದಕ್ಕೆ, ಕೈಮಗ್ಗ ನಿಂತದ್ದಕ್ಕೆ,
ತನ್ನ ಎರಡನೆಯವಳು ಓಡಿಹೋದದ್ದಕ್ಕೂ
ಅವನಲ್ಲಿ ಇದ್ದದ್ದು ಒಂದೇ ಕಾರಣ:
ಯಹೂದಿ.

ನಮ್ಮ ಹಳೆಯ ಜರ್ಮನ್ ಲಿಪಿಯಲ್ಲಿ
ಆ ಹೆಸರಿನ ಮೊದಲಕ್ಷರಕ್ಕೂ
'ನಾನು' ಎಂದು ವಾಕ್ಯ ಶುರುಮಾಡುವುದಕ್ಕೂ
ಒಂದೇ ಮೊಳೆ, ಒಂದೇ ಗೂಡು.
ನಾಲ್ಕನೇ ಪುಟಕ್ಕೆ ಗೂಡು ಬರಿದಾಯಿತು.
ಲೈಪ್‌ಜಿಗ್‌ಗೆ ಬರೆದು ಎರಡು ಪೌಂಡು ತರಿಸಿದೆವು.
ಅಲ್ಲಿಯತನಕ ನಮ್ಮ ಅಚ್ಚಿನಲ್ಲಿ ಯಾರೂ
'ನಾನು' ಎಂದು ಶುರುಮಾಡುವ ಹಾಗಿರಲಿಲ್ಲ.
ಮಾಲೀಕ ನಕ್ಕ.
ನಾನೂ ನಕ್ಕೆ.

ತಿರುವುಮುರುವಾಗಿ ಓದುವವನು ನಾನು,
ಒಂದೊಂದೇ ಅಕ್ಷರ, ಅರ್ಥ ತಟ್ಟುವುದಿಲ್ಲ
ಎಂದು ಹೆಡ್ವಿಗ್‌ಗೆ ಹೇಳಿದೆ.
ಅವಳು ಬಿಸಿನೀರು, ಬೂದಿ ತಂದಿಟ್ಟಳು.
ಕೈ ಮಸಿಯಾದರೆ ಬಾಯಿ ಮೊಸರು,
ನಾಲ್ಕು ಮಕ್ಕಳ ಮನೆ.

ಆಮೇಲೆ ಬಂದವನು ಝೂಸ್‌ಕಿಂಡ್ ಬಾಖರಾಖ್,
ನನ್ನ ಕನ್ನಡಕ ಮಾಡಿಕೊಟ್ಟವನು,
ಮಗಳ ಲಗ್ನಪತ್ರಿಕೆ ಅಚ್ಚು ಹಾಕಿಸಲು.
ಕಲ್ಲಿನ ಮೇಲೆ ಕಟ್ಟಿಟ್ಟ ಪುಟ ಹಾಗೇ ಇತ್ತು.
ಬಲದಿಂದ ಎಡಕ್ಕೆ ಓದುವುದು
ಚಿಕ್ಕಂದಿನ ಪಾಠ ಅವನಿಗೆ.
ನಿಂತಲ್ಲೇ ಓದಿದ, ಕೊನೆಯ ಸಾಲಿನ ತನಕ.
ಪತ್ರಿಕೆಯ ಕರಡು ಮಡಚಿ ಕಿಸೆಗೆ ಹಾಕಿಕೊಂಡ.
ನನ್ನ ಮೂಗಿನ ಮೇಲೆ ವಾರೆಯಾಗಿದ್ದ ಕನ್ನಡಕವನ್ನು
ಎರಡು ಬೆರಳಲ್ಲಿ ನೆಟ್ಟಗೆ ಮಾಡಿ
ಹೊರಟುಹೋದ.

ವೆಂಡ್ರಿಷ್ ಜಲೋದರದಲ್ಲಿ ಸತ್ತ.
ಮಣ್ಣಿಗೆ ಬಂದವರು ಏಳು ಜನ;
ಅದರಲ್ಲಿ ನಾನೊಬ್ಬ, ಬಾಕಿ ಬಿಲ್ಲು ಹಿಡಿದು.
ಮುಗಿಯಿತು ಅಂದುಕೊಂಡೆ. ಗೂಡಿನ ಮೊಳೆಗಳನ್ನು ಕರಗಿಸಿ
ರೈಲು ವೇಳಾಪಟ್ಟಿಗೆ ಎರಕ ಹೊಯ್ದರು.

ಮೊನ್ನೆ ಮೊಮ್ಮಗ ಆನ್‌ಸೆಲ್ಮ್
ಮೇಷ್ಟ್ರು ಬರೆಸಿದ ಪಾಠ ಗಟ್ಟಿಯಾಗಿ ಓದುತ್ತಿದ್ದ.
ಹೆಸರಿಲ್ಲ, ಊರಿಲ್ಲ, ಗಾದೆಯ ಹಾಗೆ ಒಂದು ವಾಕ್ಯ.
ಮಧ್ಯದಲ್ಲಿ ಸುಮ್ಮನೆ ಉಸಿರು ತಡೆದ,
ತಡೆಯಬಾರದ ಕಡೆ.
ಪುಸ್ತಕ ಕಿತ್ತುಕೊಂಡು ನೋಡಿದೆ.
ಅಂದು ದೀಪದ ಎಣ್ಣೆ ತೀರುತ್ತಿದ್ದಾಗ
ನಾನು ಕೈತಪ್ಪಿ ಇಟ್ಟ ಅಲ್ಪವಿರಾಮ
ಅಲ್ಲೇ ಇತ್ತು.

ಸೀಸದ ಮೊಳೆ ಮೊಳೆಯುವುದಿಲ್ಲ ಅಂದುಕೊಂಡಿದ್ದೆ.
"ಯಾರು ಬರೆದದ್ದು, ಅಜ್ಜ?" ಎಂದು ಕೇಳಿದ.
ಎಲ್ಲರಿಗೂ ಗೊತ್ತಿರುವ ಮಾತು, ಎಂದರಂತೆ ಮೇಷ್ಟ್ರು.
ಕನ್ನಡಕ ತೆಗೆದು ಒರೆಸತೊಡಗಿದೆ,
ಇನ್ನೂ ಒರೆಸುತ್ತಿದ್ದೇನೆ.