ಎರಡು ರಾತ್ರಿ, ಮೇಲೊಂದು ಕಣ್ಣು

ಸೀಸೆಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದೆ.
ಸದ್ದಿಗಿಂತ ನನ್ನ ಲೆಕ್ಕವನ್ನೇ ನಂಬುವವಳು:
ಕ್ಯಾಲೆಂಡರಿನಲ್ಲಿ ರಾತ್ರಿಗೆರಡು ಗೀಟು.
ಐದು ಹನಿ ಉಳಿದಿದೆ.
ಅಂದರೆ ಎರಡು ರಾತ್ರಿ, ಮೇಲೊಂದು ಕಣ್ಣು.
ಹನಿಗೂಡಿದರೆ ಹಳ್ಳ ಅನ್ನುವವರು
ಈ ಸೀಸೆಯನ್ನು ನೋಡಿಲ್ಲ.

ಕುತಾಯಿಸಿಯಲ್ಲಿ ಔಷಧದಂಗಡಿಗೇನೂ ಬರವಿಲ್ಲ,
ಬ್ರೆಡ್ಡಿನಂಗಡಿಗಿಂತ ಹೆಚ್ಚು. ಒಂದರ ಹಸಿರು ಶಿಲುಬೆ
ಇನ್ನೊಂದರ ಗಾಜಿನಲ್ಲಿ ಮಿನುಗುತ್ತದೆ.
ನನಗೆ ಪ್ರತಿ ಶಿಲುಬೆಯ ಸುತ್ತಲೂ ಒಂದು ಬಳೆ ಕಾಣುತ್ತದೆ,
ಸಂತರ ಪಟಗಳಲ್ಲಿ ಇರುವಂಥದು.
ಸಂತರಲ್ಲ, ಒತ್ತಡ, ಎಂದಿದ್ದರು ಡಾಕ್ಟರು,
ಕಣ್ಣೊಳಗಿನ ನೀರಿನದು.

ಮೊದಲನೆಯ ಅಂಗಡಿ: ಇಲ್ಲ.
ಎರಡನೆಯದು: "ಇದೇ ಥರದ್ದು ಕೊಡಲೇ ಚಿಕ್ಕಮ್ಮಾ?"
ಮೂವತ್ತೊಂದು ವರ್ಷ ಪತ್ರಿಕೆಯ ಕರಡು ತಿದ್ದಿದ್ದೇನೆ, ಮಗೂ,
ಇದೇ ಥರದ್ದು ಎಂಬುದು ಲೋಕದಲ್ಲಿಲ್ಲ.
ಬಳ್ಳಿಯ ಕುಡಿಯ ಹಾಗೆ ಗುಂಡಗೆ ಸುತ್ತುವ ನಮ್ಮ ಅಕ್ಷರದಲ್ಲಿ
ಒಂದು ಕೊಕ್ಕೆ ಒಳಕ್ಕೆ ತಿರುಗಿದರೆ ಮಂತ್ರಿಯೇ ಮೇಕೆ.
ಆ ಕೊಕ್ಕೆಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ.
ಈಗ ಬಿಡಬೇಕಾದ್ದು ಎಣ್ಣೆಯಲ್ಲ.

ಮೂರನೆಯವನು ಕಂಪ್ಯೂಟರ್ ನೋಡಿ ಇದೆ ಎಂದ,
ಡ್ರಾಯರ್ ಎಳೆದು ಇಲ್ಲ ಎಂದ,
ಆಮೇಲೆ ಕಂಪ್ಯೂಟರನ್ನೇ ಬೈದ.
ನಾಲ್ಕನೆಯವಳು: ರಿಕೋತಿ ಘಾಟಿಯಲ್ಲಿ ಹಿಮ,
ಲಾರಿ ನಿಂತಿದೆ, ಮಂಗಳವಾರ ಬಂದರೂ ಬಂತು.
ಐದು. ಆರು.
ಏಳನೆಯದರ ಮೆಟ್ಟಿಲು ನನಗೆ ಕಾಣಲೇ ಇಲ್ಲ;
ಈ ರೋಗದಲ್ಲಿ ಅಂಚುಗಳು ಮೊದಲು ಹೋಗುತ್ತವೆ,
ಕರಡುಹಾಳೆಯ ಮಾರ್ಜಿನ್ ಯಾರೋ ಕತ್ತರಿಸಿಕೊಂಡ ಹಾಗೆ.
ಮೊಣಕಾಲು ತರಚಿತು.
ಅಲ್ಲಿಯೂ ಹನಿ ಇರಲಿಲ್ಲ. ಅಯೋಡಿನ್ ಇತ್ತು.

ಬಸ್ ನಿಲ್ದಾಣದ ಹಿಂದೆ, ಕೀಲಿಕೈ ಮಾಡುವವನ ಪಕ್ಕ,
ಬೆಕ್ಕಿನ ಆಹಾರವನ್ನೂ ಮಾರುವ ಒಂದು ಗೂಡು.
ಝುಝುನಾ, ಎದೆಯ ಮೇಲಿನ ಪಟ್ಟಿಯ ಪ್ರಕಾರ,
ಮಾತಿಲ್ಲದೆ ಫ್ರಿಜ್ ತೆರೆದಳು.
ಡಬ್ಬಿಯಲ್ಲಿ ಅವಳ ಮಧ್ಯಾಹ್ನದ ಕಾಳು, ಅರ್ಧ ನಿಂಬೆ, ಒಂದು ಮೊಟ್ಟೆ,
ಅವುಗಳ ಹಿಂದೆ ನೀಲಿ ಪೆಟ್ಟಿಗೆ.
ಪೆಟ್ಟಿಗೆಯ ಮೇಲೆ ಹಳದಿ ಚೀಟಿ,
ಚೀಟಿಯ ಮೇಲೆ ಇನ್ನೊಬ್ಬನ ಹೆಸರು.
"ಬುಧವಾರ ಬರಬೇಕಿತ್ತು. ಇವತ್ತು ಶುಕ್ರವಾರ."
ಚೀಟಿಯನ್ನು ನೋಡಿದಳು, ನನ್ನ ಮೊಣಕಾಲನ್ನು ನೋಡಿದಳು,
ಫೋನ್ ಎತ್ತಿದಳು.

ಬಹಳ ಹೊತ್ತು ರಿಂಗಾಯಿತು.
ಅಷ್ಟು ಹೊತ್ತೂ ನಾನು ಒಂದು ಹೊಲಸು ಆಸೆಪಟ್ಟೆ:
ಎತ್ತದಿರಲಿ.
ಅದನ್ನು ಇಲ್ಲಿ ಬರೆದಿಡುತ್ತೇನೆ, ತಿದ್ದುವುದಿಲ್ಲ.

ಎತ್ತಿದ. ಜ್ವರದ ಗಂಟಲು, ಹಿಂದೆ ಟಿವಿಯ ಗಲಾಟೆ.
ಝುಝುನಾ ಫೋನನ್ನು ನನ್ನ ಕೈಗೇ ಕೊಟ್ಟಳು.
"ನಿಮ್ಮಲ್ಲಿ ಎಷ್ಟಿದೆ?" ಎಂದ, ನಮಸ್ಕಾರವೂ ಇಲ್ಲದೆ.
"ಐದು."
"ನನ್ನಲ್ಲಿ ಹನ್ನೊಂದು."
"ನೀವೂ ಎಣಿಸುತ್ತೀರಾ?"
"ಎಣಿಸದವರು ಯಾರು?" ಕೆಮ್ಮಿದ.
"ಎಡಗಣ್ಣು ಹೋಗಿ ಆರು ವರ್ಷವಾಯಿತು, ತಾಯಿ.
ಒಂದೇ ಕಣ್ಣಿಗೆ ಹನ್ನೊಂದು ಹನಿ ಅಂದರೆ
ನಾನು ಸಾಹುಕಾರ. ತಗೊಳ್ಳಿ."

ದುಡ್ಡು ಕೊಟ್ಟೆ. ಅವಳು ಹಳದಿ ಚೀಟಿಯನ್ನು ಕಿತ್ತು
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು, ಬರಲಿರುವ ಪೆಟ್ಟಿಗೆಗೆಂದು.
ನುಗ್ಜಾರ್ ಎಂಬಲ್ಲಿ ಒಂದು ಅಕ್ಷರದ ಹೊಟ್ಟೆ ಮುಚ್ಚಿರಲಿಲ್ಲ.
ಪೆನ್ ಕೇಳಿ ಇಸಕೊಂಡು,
ಮೂಗು ತಾಗುವಷ್ಟು ಹತ್ತಿರ ಹೋಗಿ, ಮುಚ್ಚಿದೆ.

ರಾತ್ರಿ ಹತ್ತು. ಹೊಸ ಪೆಟ್ಟಿಗೆ ತಣ್ಣಗೆ ಒಳಗಿದೆ,
ಹಳೆಯದು ಮುಗಿಯುವವರೆಗೆ ಅದರ ಸೀಲು ಒಡೆಯಲಾರೆ.
ತಲೆ ಹಿಂದಕ್ಕೆ ಚೆಲ್ಲಿ, ರೆಪ್ಪೆ ಎಳೆದು, ಉಸಿರು ಹಿಡಿದೆ.
ಮೊದಲ ಹನಿ ಗುರಿ ತಪ್ಪಿ ಕೆನ್ನೆಗಿಳಿಯಿತು.

ಈಗ ನಾಲ್ಕು.
ಆ ಮನುಷ್ಯನಿಗೆ ಇದು ತಿಳಿಯಬಾರದು.